ರೇಡಿಯೋ ಲೈಸೆನ್ಸು

ಅವ್ವ ಬಂಡುಕೋರಳಲ್ಲ.
ಖಡಕಿಯ ಕ್ವಾರ್ಟರ್ಸಿನಲ್ಲಿ ರೇಡಿಯೋ ಲೈಸೆನ್ಸಿನ ಹಣವನ್ನು
ಗಡುವಿಗಿಂತ ವಾರ ಮೊದಲೇ ಪೋಸ್ಟಾಫೀಸಿಗೆ ಕಟ್ಟಿ ಬರುತ್ತಿದ್ದವಳು
ಇವಳೊಬ್ಬಳೇ ಇರಬೇಕು.
ಸೈಕಲ್ಲಿಗೆ ದೀಪವಿಲ್ಲವೆಂದು ಒಮ್ಮೆ
ಪುಣೆಯ ಕಂಟೋನ್ಮೆಂಟಿನಿಂದ ಮನೆತನಕ ಅಪ್ಪನನ್ನು ನಡೆಸಿದ್ದಳು.
ರಾತ್ರಿ ಪ್ರಾರ್ಥನೆಯಲ್ಲಿ ರಾಷ್ಟ್ರಪತಿಯಿಂದ ಹಿಡಿದು
ನಮ್ಮ ಓಣಿಯ ನೀರಿನ ಇನ್ಸ್‌ಪೆಕ್ಟರನವರೆಗೆ
ಅಧಿಕಾರದಲ್ಲಿರುವ ಎಲ್ಲರಿಗೂ ಅವಳು ಬುದ್ಧಿ ಬೇಡುವಾಗ
ನಾವು ಒಂದೊಂದೇ ಕಣ್ಣು ತೆರೆದು
ಮುಚ್ಚಿಟ್ಟ ಸಾರಿನ ಪಾತ್ರೆ ನೋಡುತ್ತಿದ್ದೆವು.

ಎಪ್ಪತ್ತಾರನೇ ಇಸವಿ. ದವಾಖಾನೆಯ ಹಿಂದಿನ ಶೆಡ್ಡಿನಲ್ಲಿ
ಮಕ್ಕಳಾಗದ ಆಪರೇಷನ್ನಿನ ಕ್ಯಾಂಪು.
ಗೋಡೆಯ ಮೇಲೆ ಸೀಮೆಸುಣ್ಣದ ಗುರಿ: ತಿಂಗಳಿಗೆ ನಾನೂರು.
ತಾರೀಖು ಇಪ್ಪತ್ತಾರು, ಇನ್ನೂ ಎಪ್ಪತ್ತೊಂದು ಬಾಕಿ.
ಸ್ಟೇಷನ್ನಿನ ಫುಟ್‌ಪಾತಿನಿಂದ ಪೊಲೀಸ್ ವ್ಯಾನು ಬಂತು,
ಇಳಿಸಿತು, ಹೋಯಿತು, ಮತ್ತೆ ಬಂತು.
ದೊರ್ಕಾಸಬಾಯಿ ಸಿಸ್ಟರಿಗೆ ರಿಜಿಸ್ಟರಿನ ಕೆಲಸ:
ಹೆಸರು, ವಯಸ್ಸು, ಮಕ್ಕಳೆಷ್ಟು,
ಕೊನೆಯ ಕಾಲಂ ಒಪ್ಪಿಗೆ,
ಪಕ್ಕದಲ್ಲಿ ನೇರಳೆ ಶಾಯಿಯ ಪ್ಯಾಡು.

ಸಾಲಿನಲ್ಲಿ ಇಂಡಿ ಕಡೆಯ ಹುಡುಗನೊಬ್ಬ, ಭೀಮಶಿ.
ಅಂಗೈ ತುಂಬ ಜಲ್ಲಿ ಹೊತ್ತ ಗಾಯ. ಮರಾಠಿ ಬಾರದು.
ಇವಳ ಬಾಯಲ್ಲಿ ಕನ್ನಡ ಕೇಳಿದ್ದೇ ಮುಖವರಳಿ,
“ಅಕ್ಕಾರ, ಬೆಟ್ಟು ಯಾತಕ್ಕ ಒತ್ತೂದು?
ರೇಶನ್ ಕೊಡ್ತಾರೇನ್ರಿ?”

ಅಷ್ಟೇ.
ಆಕಾಶ ಬಿರಿಯಲಿಲ್ಲ, ಯಾವ ದನಿಯೂ ಕೇಳಲಿಲ್ಲ;
ಬಹಳ ವರ್ಷದ ಮೇಲೆ ಅವರೆಕಾಯಿ ಸುಲಿಯುತ್ತ
ಅವಳೇ ಹೇಳಿದ್ದು.
ಅವನ ಹೆಬ್ಬೆರಳು ಆಗಲೇ ಅವಳ ಕೈಯಲ್ಲಿತ್ತು,
ಜ್ವರ ಬಂದವರ ಹಾಗೆ ಬಿಸಿ.
ಆ ಕಾಲಂ ಅನ್ನು ಅವನಿಗೆ ಕನ್ನಡದಲ್ಲಿ ಬಿಡಿಸಿ ಹೇಳಿದಳು.
“ನನಗಿನ್ನಾ ಲಗ್ನಾನ ಆಗಿಲ್ರೀ” ಅಂದ.
ಪ್ಯಾಡಿನ ಮುಚ್ಚಳ
ಟಪ್ಪೆಂದು ಮುಚ್ಚಿತು.

ಡಾಕ್ಟರ್ ಪಾಟಣಕರ ಕೆಟ್ಟವರೇನಲ್ಲ,
ಅವರ ಸಂಬಳವೂ ಆ ಎಪ್ಪತ್ತೊಂದರಲ್ಲಿ ಸಿಕ್ಕಿಕೊಂಡಿತ್ತು.
“ಮೇಲಿನವರು ಆರ್ಡರು ಮಾಡಿದ್ದಾರೆ, ಸಿಸ್ಟರ್.”
“ಅವರಿಗೂ ಮೇಲೆ, ಇವನನ್ನು ಮಾಡಿದವನಿದ್ದಾನೆ ಸರ್.”
ಎಂದಳೋ, ಎನ್ನಬೇಕೆಂದುಕೊಂಡು ಸುಮ್ಮನಾದಳೋ,
ಕೊನೆಗಾಲದಲ್ಲಿ ಅವಳಿಗೇ ನೆನಪಿರಲಿಲ್ಲ.
ನೆನಪಿದ್ದದ್ದು ಇಷ್ಟು:
ಅವಳು ಬಿಟ್ಟ ಹೆಬ್ಬೆರಳನ್ನು
ಪಕ್ಕದ ಮೇಜಿನ ವಾರ್ಡ್‌ಬಾಯ್ ಹಿಡಿದುಕೊಂಡ.
ಗೋಡೆಯ ಲೆಕ್ಕ ಎಪ್ಪತ್ತಕ್ಕಿಳಿಯಿತು.

ಅಮಾನತು.
ಮಾರನೆಯ ದಿನ ಇಸ್ತ್ರಿಯ ಬಿಳಿ ಸೀರೆ, ಗಂಜಿ ಹಾಕಿದ ಟೋಪಿ,
ಡ್ಯೂಟಿಯ ಹೊತ್ತಿಗೆ ಸರಿಯಾಗಿ ಹೋಗಿ
ಗೇಟಿನ ಹೊರಗಿನ ಬೆಂಚಿನ ಮೇಲೆ ಕೂತಳು.
ಆರಕ್ಕೆ ಎದ್ದು ಬಂದಳು. ಹೀಗೇ ಐದು ತಿಂಗಳು.
ಅಪ್ಪ ಮದ್ದುಗುಂಡಿನ ಕಾರ್ಖಾನೆಯ ನೌಕರ;
ರಾತ್ರಿ ಬಾಗಿಲಿಗೆ ಎರಡೆರಡು ಚಿಲಕ ಹಾಕುತ್ತಿದ್ದ,
ಉಪ್ಪು ಬೇಕೆಂದರೂ ಅವಳಿಗೆ ನನ್ನಿಂದ ಹೇಳಿಸುತ್ತಿದ್ದ.

ಅಯ್ಯನವರು ಬಂದರು, ಚಹಾವನ್ನು ಬಸಿಗೆ ಸುರುವಿಕೊಂಡರು.
“ಅಧಿಕಾರ ಅನ್ನೂದು ದೇವರ ಏರ್ಪಾಡು, ತಾಯಿ.
ತಲೆ ಬಾಗಬೇಕು.”
“ಬಾಗೀನ್ರಿ. ಅದಕ್ಕ ದಿನಾ ಹೋಗಿ ಬೆಂಚಿನ ಮ್ಯಾಲ ಕೂಡ್ತೀನಿ.
ಏನ್ ಶಿಕ್ಷಾ ಕೊಡ್ತಾರೋ ಕೊಡ್ಲಿ.
ಕೈ ಮಾತ್ರ ಕೇಳಬಾರದು.”
ಅಯ್ಯನವರು ಬಿಸ್ಕೀಟು ಮುರಿದರು,
ಎರಡೂ ಚೂರು ಬಸಿಯಲ್ಲೇ ಉಳಿದವು.

ಮೊನ್ನೆ ಟ್ರಂಕು ತೆಗೆದರೆ ಅವಳ ಸರ್ವಿಸ್ ಪುಸ್ತಕ,
ಕೆಂಪು ಶಾಯಿಯಲ್ಲಿ: ಆಜ್ಞೆಯ ಉಲ್ಲಂಘನೆ.
ಅದರ ಪುಟದ ನಡುವೆಯೇ ರೇಡಿಯೋ ಲೈಸೆನ್ಸು.
ಸಂಬಳವಿಲ್ಲದ ಆ ಡಿಸೆಂಬರಿನಲ್ಲೂ
ಗಡುವಿಗೆ ವಾರ ಮೊದಲೇ ಬಿದ್ದ ಠಸ್ಸೆ.
ಹಣ ಎಲ್ಲಿಂದ ತಂದಳೋ.
ಅಪ್ಪನೇ ಕೊಟ್ಟಿದ್ದನೋ ಏನೋ, ಮಾತಾಡದೆ.

ಪ್ರಾರ್ಥನೆಯಲ್ಲಿ ಆಮೇಲೆ
ನೀರಿನ ಇನ್ಸ್‌ಪೆಕ್ಟರನ ಹಿಂದೆ ಒಂದು ಹೆಸರು ಸೇರಿಕೊಂಡಿತು.
ಅವನು ಎಲ್ಲಿ ಹೋದ, ಬದುಕಿದ್ದಾನೋ ಇಲ್ಲವೋ,
ಅವಳಿಗೂ ತಿಳಿಯದು.
ಇಂಡಿಯಲ್ಲಿ ನಮಗೊಬ್ಬ ಭೀಮಶಿ ಮಾವ ಇದ್ದಾನೆಂದು,
ದೀಪಾವಳಿಗಾದರೂ ಬಂದಾನೆಂದು,
ನನ್ನ ತಮ್ಮ ಎಷ್ಟೋ ವರ್ಷ ನಂಬಿದ್ದ.