ಬೆರಳಿಗೂ ನಾಲಿಗೆಗೂ ನಡುವೆ

ಮೂರು ದಿನದ ತರಬೇತಿ. ಕಲಿಸಿದ ಸ್ವಾಮಿಗಳಿಗೆ
ನನ್ನ ಕಿರಿಮಗನ ವಯಸ್ಸು.
ನಾಲಿಗೆ ಮುಟ್ಟಬೇಡಿ, ಹಾಗಂತ ಬೀಳಿಸಲೂ ಬೇಡಿ, ಅಂದರು.
ಎರಡರ ನಡುವೆ ಎಷ್ಟು ಜಾಗ ಅಂತ ಕೇಳಿದೆ.
ಕೂದಲೆಳೆ, ಅಂದರು. ಆಮೇಲೆ ನಕ್ಕರು:
ಸಿಲೇಸಿಯಾದ ಗಣಿಯವರಿಗೆ ಎಲ್ಲದಕ್ಕೂ ಅಳತೆ ಬೇಕು.

ಮನೆಯಲ್ಲಿ ಒತೀಲಿಯಾಳನ್ನು ಅಡುಗೆಮನೆಯ ಸ್ಟೂಲಿನ ಮೇಲೆ ಕೂರಿಸಿ
ಅಭ್ಯಾಸ ಮಾಡಿದೆ, ಇನ್ನೂ ಮಂತ್ರಿಸದ
ಬರೀ ಹಿಟ್ಟಿನ ಬಿಲ್ಲೆಗಳಲ್ಲಿ.
ನಲವತ್ತೆರಡು ವರ್ಷ ಸಂಸಾರ ಮಾಡಿದವಳ ನಾಲಿಗೆಯನ್ನು
ಬೆಳಕಲ್ಲಿ ನೋಡಿದ್ದು ಅಂದೇ.
ಮೂರನೆಯದಕ್ಕೆ ಅವಳು ಉಪ್ಪು ಕೇಳಿದಳು.

ಬೀದಿಯಲ್ಲಿ ಚಾಚಿದರೆ ಅಣಕ.
ಡಾಕ್ಟರ ಮುಂದೆ ಚಾಚಿದರೆ ಭಯ.
ಇಲ್ಲಿ ಮಂಡಿಯೂರಿ, ಕಣ್ಣು ಮುಚ್ಚಿ ಚಾಚುತ್ತಾರೆ.
ಗೂಡಿನ ಮರಿಗಳ ಹಾಗೆ ಅನ್ನಲಾರೆ;
ಮರಿಗಳಿಗೆ ಕಟ್ಟಿಸಿದ ಹಲ್ಲು ಸಡಿಲವಾಗುವುದಿಲ್ಲ,
ರಾತ್ರಿಯ ವೋಡ್ಕಾ ಪುದೀನಾ ಗುಳಿಗೆಯ ಹಿಂದೆ ಅಡಗಿರುವುದಿಲ್ಲ,
ಬೀಟ್‌ರೂಟ್ ಸಾರಿನ ಕೆಂಪು
ಮರುದಿನದವರೆಗೂ ಉಳಿದಿರುವುದಿಲ್ಲ.

ಆ ರೋಗದ ವರ್ಷಗಳಿಂದೀಚೆ ಕೆಲವರು ಕೈ ಒಡ್ಡುತ್ತಾರೆ,
ಬಲಗೈ ಮೇಲೆ ಎಡಗೈ.
ಅದಕ್ಕಾಗಿ ಬೇಕರಿಯ ಸಾಲಿನಲ್ಲಿ ಜಗಳ ನಡೆಯುತ್ತದೆ.
ನಾನು ಬಾಯಿ ಹಾಕುವುದಿಲ್ಲ.
ಕೈಗಿಟ್ಟರೆ ಕೊಟ್ಟ ಹಾಗೆ,
ಬಾಯಿಗಿಟ್ಟರೆ ಉಣಿಸಿದ ಹಾಗೆ, ಅಷ್ಟೇ ನನಗೆ ತಿಳಿದದ್ದು.
ಉಣಿಸಿ ರೂಢಿಯೂ ಇಲ್ಲ. ನನ್ನ ಮಕ್ಕಳು ಬಾಯ್ತೆರೆಯುವ ಹೊತ್ತಿಗೆಲ್ಲ
ನಾನು ನೆಲದ ಕೆಳಗೆ.

ಈ ಕೈಯ ನಡುಬೆರಳನ್ನು ಕಲ್ಲಿದ್ದಲಿನ ಬೆಲ್ಟು ತಿಂದಿತು.
ಹೆಬ್ಬೆಟ್ಟಿನ ಚರ್ಮದೊಳಗೆ ಒಂದು ನೀಲಿ ಗೆರೆ,
ಯಾವ ಸೋಪಿಗೂ ಜಗ್ಗದ್ದು.

ತ್ರೂದಾ ಯಾವಾಗಲೂ ಸ್ವಾಮಿಗಳ ಸಾಲು.
ನನ್ನದು ಎಷ್ಟೇ ಗಿಡ್ಡವಿರಲಿ
ಸೊಂಟ ಹಿಡಿದುಕೊಂಡು ಅತ್ತ ದಾಟುವಳು.
ಹನ್ನೊಂದು ವರ್ಷದ ಹಿಂದೆ, ಗಣಿಯ ಗೇಟಿನಲ್ಲಿ,
ತಲೆಯ ಸ್ಕಾರ್ಫು ಜಾರಿದ್ದೂ ತಿಳಿಯದೆ
ನನ್ನ ಮುಖಕ್ಕೇ ಅಂದಿದ್ದಳು:
ನನ್ನ ನೋರ್ಬೆರ್ತನಿಗೆ ಒಳಗೆ ಹೋಗು ಅಂತ ತೋರಿಸಿದ ಕೈ
ಸೇದಿಹೋಗಲಿ.
ತೋರಿಸಿದ್ದು ನಿಜ.
ಅನಿಲದ ಮೀಟರು ಸರಿ ತೋರಿಸುತ್ತಿತ್ತು ಅನ್ನುವುದೂ ನಿಜ.
ವರದಿಯಲ್ಲಿ ಎರಡೂ ಇವೆ.

ಈ ಡಿಸೆಂಬರಿನಲ್ಲಿ, ಸಂತ ಬಾರ್ಬರಾಳ ಹಬ್ಬದ ಬೆಳಿಗ್ಗೆ,
ಸ್ವಾಮಿಗಳ ಮೊಣಕಾಲು ಕೈಕೊಟ್ಟಿತು.
ತಾವು ಸ್ವೀಕರಿಸಿ ಕುರ್ಚಿಯಲ್ಲಿ ಕೂತುಬಿಟ್ಟರು.
ಪಾತ್ರೆ ನನ್ನ ಕೈಗೆ.
ಇದ್ದದ್ದು ಒಂದೇ ಸಾಲು.

ದೂರದಿಂದಲೇ ಎಣಿಸಿದೆ: ಏಳನೆಯವಳು. ಐದನೆಯವಳು.
ಎದ್ದು ಹೋಗಬಹುದಿತ್ತು, ಹೋಗಲಿಲ್ಲ.
ಒಂದೊಂದೇ ಮಂಡಿ ಊರಿದಳು.
ಹುಡುಗ ಗದ್ದದ ಕೆಳಗೆ ತಟ್ಟೆ ಹಿಡಿದ.
ಕ್ರಿಸ್ತರ ಶರೀರ, ಅಂದೆ. ಅಂದೆನೋ, ಗಂಟಲು ಕೆರೆಯಿತೋ.
ಆಮೆನ್, ಅಂದಳು.
ಹನ್ನೊಂದು ವರ್ಷದಲ್ಲಿ ನನ್ನೆದುರು ಅವಳ ಮೊದಲ ಮಾತು.
ನನಗೆ ಹೇಳಿದ್ದಲ್ಲ.

ಕಣ್ಣು ಮುಚ್ಚಲಿಲ್ಲ ಅವಳು.
ನಾಲಿಗೆ ಬಂತು, ಬಿಳಿಚಿದ್ದು, ನಟ್ಟನಡುವೆ ಬಿರುಕು.
ಆ ಮಾತು ಹೊರಟ ಜಾಗ.
ನನ್ನ ಕೈ ಸೇದಿರಲಿಲ್ಲ, ನಡುಗಿತು ಅಷ್ಟೇ.
ಕೂದಲೆಳೆ ಎಲ್ಲಿ ಹೋಯಿತೋ.
ಹೆಬ್ಬೆಟ್ಟು ತಾಗಿತು: ಬಿಸಿ, ಒದ್ದೆ,
ಅಂದುಕೊಂಡದ್ದಕ್ಕಿಂತ ಮೆತ್ತಗೆ.
ಅವಳು ಬಾಯಿ ಮುಚ್ಚಿದಳು, ತುಸು ಬೇಗ,
ತುಟಿ ನನ್ನ ಉಗುರಿನ ಮೇಲಿರುವಾಗಲೇ.

ಬೆರಳದ್ದಲು ಮುಚ್ಚಳದ ಪುಟ್ಟ ಬಟ್ಟಲೊಂದಿದೆ.
ನಿಯಮದಂತೆ ಅದ್ದಿದೆ, ಒರೆಸಿದೆ.
ಗೆರೆ ಇದ್ದಲ್ಲೇ ಇತ್ತು.
ಎಷ್ಟು ಜನ ಬಂದಿದ್ದರು ಅಂತ ಒತೀಲಿಯಾ ಕೇಳಿದಳು,
ಆಲೂಗಡ್ಡೆ ಸುಲಿಯುತ್ತ.
ಎಣಿಸಲಿಲ್ಲ, ಅಂದೆ.

ಮುಂದಿನ ಭಾನುವಾರಕ್ಕೆ ಸ್ವಾಮಿಗಳ ಮೊಣಕಾಲು ಸರಿಹೋಗಿತ್ತು.
ತ್ರೂದಾ ಅತ್ತ ದಾಟಿದಳು.
ದಾಟುವಾಗ ನನ್ನ ಸಾಲಿನ ಬಳಿ ಒಂದು ಗಳಿಗೆ ನಿಂತಳು,
ಬೆಂಚಿನ ಮೂಲೆ ಹಿಡಿದು.
ಸೊಂಟದ ನೋವಿಗೋ ಏನೋ.