ಸೋರಿದ ಲೈನು

ಇಲ್ಯಾಸ್ ತಂತಿ ಎಳೆದದ್ದು ನನಗಾಗಿ ಅಲ್ಲ.
ಕೆಳಗಿನ ಕೋಣೆ ಹತ್ತಡಿಗೆ ಹನ್ನೆರಡು.
ಬೋಳಾರದ ಹೆಂಚು ಕಾರ್ಮಿಕರ ಪಿಂಚಣಿ ಸಂಘ,
ಒಂಬತ್ತು ಕುರ್ಚಿ, ಒಂದು ಬೆಂಚು, ನೀರಿನ ಹೂಜಿ.
ಮೂವತ್ತು ವರ್ಷ ಪ್ರೆಸ್ಸಿನ ಪಕ್ಕ ನಿಂತ ಕಿವಿಗಳು:
ಒಬ್ಬರದು ಎಡ ಹೋಗಿದೆ, ಒಬ್ಬರದು ಬಲ,
ಉಳಿದವರದು ಎರಡೂ.
ಕೋಣೆ ಸಣ್ಣದು, ಫ್ಯಾನು ದೊಡ್ಡದು.
ಕಿವಿಯಂತ್ರ ಫ್ಯಾನನ್ನೇ ಮೊದಲು ಕೇಳುತ್ತದೆ,
ಆಮೇಲೆ ಕೆಮ್ಮು, ಆಮೇಲೆ ಜೆಪ್ಪುವಿನ ಬಸ್ಸು,
ಕಾರ್ಯದರ್ಶಿ ಹೇಳಿದ್ದು ಎಲ್ಲರಿಗಿಂತ ಕೊನೆಗೆ.

ಅದಕ್ಕೇ ಗೋಡೆಯ ಬುಡದಲ್ಲಿ ತಂತಿಯ ಒಂದು ಸುತ್ತು,
ಮೂಲೆಯಲ್ಲಿ ಟಿಫಿನ್ ಡಬ್ಬಿಯಷ್ಟು ಆಂಪ್ಲಿಫೈಯರು,
ಮೇಜಿನ ಮೇಲೆ ಮೈಕು.
'ಗುಂಡಿ ಟಿಗೆ ತಂದರಾಯಿತು ಅಕ್ಕಾ,
ಫ್ಯಾನು ಸಾಯ್ತದೆ, ಬಸ್ಸು ಸಾಯ್ತದೆ,
ಮೈಕಿನ ಮಾತು ಮಾತ್ರ ಸೀದಾ ತಲೆಯೊಳಗೆ.
ಟಿ ಅಂದ್ರೆ ಟೆಲಿಫೋನು.'
ನನ್ನ ಮೆಟ್ಟಿಲ ಕೆಳಗಿನ ಮೀಟರ್ ಬೋರ್ಡಿಗೆ ಕೈಹಾಕಿ
ಇಲ್ಯಾಸ್ ಕೂಗಿ ಕೂಗಿ ಹೇಳಿದ.

ನನಗೆ ಟೆಲಿಫೋನು ಕಲಿಸಬೇಡ ಮಗಾ.
ಇಪ್ಪತ್ತಾರು ವರ್ಷ ಟ್ರಂಕ್ ಬೋರ್ಡಿನ ಮುಂದೆ
ಬೊಂಬಾಯಿಗೂ ಮಂಗಳೂರಿಗೂ ಹಗ್ಗ ಚುಚ್ಚಿದವಳು ನಾನು.
ಮೂರು ನಿಮಿಷ ಆಯಿತು ಅನ್ನಲಿಕ್ಕಷ್ಟೇ ಲೈನಿಗೆ ಇಳಿಯಬೇಕು,
ಕೇಳಿದ್ದನ್ನು ಅಲ್ಲೇ ಬಿಟ್ಟು ಏಳಬೇಕು.
ಒಮ್ಮೆ ಮಾತ್ರ, ಒಂದು ಮಾತೂ ಆಡದೆ
ಮೂರು ನಿಮಿಷವೂ ಅತ್ತ ಹೆಂಗಸಿಗೆ
ಇನ್ನು ಮೂರು ನಿಮಿಷ
ಚೀಟಿಯಲ್ಲಿ ಬರೆಯದೆ ಕೊಟ್ಟೆ.

ಆ ಸಂಜೆ ತಂಗಿಗೆ ಫೋನು ಮಾಡಲು ಗುಂಡಿ ತಿರುಗಿಸಿದೆ.
ತಂಗಿ ಬರಲಿಲ್ಲ. ಬಂದದ್ದು ಜಿನರಾಜ ಬಂಗೇರರು:
'ಕೇನುಂಡಾ? ಮಾತೆರೆಗ್‌ಲಾ ಕೇನುಂಡಾ?'
ಕೇನುಂಡು, ಅಂದೆ,
ಒಲೆಯ ಮುಂದೆ, ಕೈಯಲ್ಲಿ ಸೌಟು.

ಎಲ್ಲಿ ನಿಲ್ಲಬೇಕೆಂದು ತಂತಿಗೆ ಯಾರೂ ಹೇಳಿರಲಿಲ್ಲ.
ಸಿಮೆಂಟು ದಾಟಿ, ಚಾಪೆ ದಾಟಿ ಬಂದುಬಿಟ್ಟಿತು.
ಮಲಗಿದರೆ ಮಾಯ,
ಎದ್ದು ಕೂತರೆ ಮತ್ತೆ ಹಾಜರು.
ಗೋಡೆಯ ಹತ್ತಿರ ಕ್ಷೀಣ, ನಡುಮನೆಯಲ್ಲಿ ಸ್ಪಷ್ಟ.
ಟ್ಯೂಬ್‌ಲೈಟು ಹಾಕಿದರೆ ಹಿಂದಿನಿಂದ ಜೀರುಂಡೆ.
ಹಾಗಾಗಿ ಕತ್ತಲಲ್ಲೇ, ನಡುಮನೆಯಲ್ಲೇ ಕೂತೆ.

ತಾನು ಬದುಕಿದ್ದೇನೆಂದು ಬ್ಯಾಂಕಿಗೆ ನಂಬಿಸಲು
ಲಿಗೋರಿ ಎರಡು ಸಲ ಹೆಬ್ಬೆಟ್ಟು ಒತ್ತಿದ್ದು,
ಸವೆದ ಬೆರಳನ್ನು ಯಂತ್ರ ಒಪ್ಪದೇ ಹೋದದ್ದು,
ಬಂಗುಡೆಯ ರೇಟು, ಯಾರದೋ ಮೊಣಕಾಲು.
ನಿಯಮ ನೆನಪಾಗುತ್ತಿತ್ತು.
ನೆನಪಾದಷ್ಟೂ ಬೆನ್ನು ನೆಟ್ಟಗಾಗುತ್ತಿತ್ತು.

ಒಂದು ಗುರುವಾರ ನನ್ನದೇ ಸರದಿ ಬಂತು.
'ಮೇಲೆ ಕುರ್ಚಿ ಎಳೆದರೆ ತಲೆಯೊಳಗೆ ಗರಗಸ ಮಾರಾಯ್ರೆ.'
'ಪಾಪ, ಫೋನಿನ ಸುಗಂಧಿಯಕ್ಕ, ಅವರಿಗೆ ಕೇಳುದಿಲ್ಲ.'
'ನಮಗೂ ಕೇಳುದಿಲ್ಲ, ಕೇಳುದು ಮೈಕಿಗೆ!'
ನಕ್ಕರು. ಒಂಬತ್ತು ಕುರ್ಚಿಯ ನಗು
ನನ್ನ ಎರಡು ಕಿವಿಗಳಲ್ಲಿ ಹಿಡಿಸಲಿಲ್ಲ.

ನನ್ನ ಸದ್ದು ಹೇಗಿದೆಯೆಂದು
ಹನ್ನೊಂದು ವರ್ಷಗಳಿಂದ ನನಗೆ ಗೊತ್ತಿರಲಿಲ್ಲ.
ಹಳೆಯ ಹವಾಯಿ ಚಪ್ಪಲಿ ಕತ್ತರಿಸಿ
ಕುರ್ಚಿಯ ನಾಲ್ಕು ಕಾಲಿಗೂ ರಬ್ಬರು ಕಟ್ಟಿದೆ,
ಬಕೆಟ್ಟನ್ನು ಎಳೆಯದೆ ಎತ್ತಿದೆ,
ಬೆಕ್ಕಿನ ಹಾಗೆ ಓಡಾಡಿದೆ.

ಮುಂದಿನ ಗುರುವಾರ ಪಿಂಚಣಿಯ ಮಾತು ನಡುವೆಯೇ ನಿಂತಿತು.
'ಇವತ್ತು ಮೇಲೆ ಸದ್ದೇ ಇಲ್ಲ ಅಲ್ವಾ.'
ಒಬ್ಬರು ಕೆಮ್ಮಿದರು.
'ನಿನ್ನೆ ಲೆಕ್ಕ ಬರೆಯುವಾಗಲೂ ಇರ್ಲಿಲ್ಲ.'
ಬಂಗೇರರು ಮೈಕನ್ನು ಮುಚ್ಚಲು ಮರೆತು
ತಗ್ಗಿದ ದನಿಯಲ್ಲಿ ಅಂದರು:
'ಲಿಗೋರಿ, ನೀನೊಮ್ಮೆ ಹೋಗಿ ನೋಡಿ ಬಾ.'

ಸೀರೆಯ ಸೆರಗು ಸರಿಮಾಡಿಕೊಂಡೆ.
ಮೆಟ್ಟಿಲು ಹದಿನಾಲ್ಕು,
ಅವರ ಮೊಣಕಾಲಿಗೆ ಎರಡು ನಿಮಿಷವಾದರೂ ಬೇಕು.
ಚಿಲಕ ತೆಗೆದು ಬಾಗಿಲೆಳೆದಾಗ
ಲಿಗೋರಿ ತಟ್ಟಲೆಂದು ಎತ್ತಿದ ಮುಷ್ಟಿ
ನನ್ನ ಮುಖದ ಮುಂದೆ ಹಾಗೇ ನಿಂತಿತ್ತು.
ಬಾಯಿ ಆಡುತ್ತಿತ್ತು, ದನಿಯಿಲ್ಲ.
ಗುಂಡಿ ಇನ್ನೂ ಟಿಯಲ್ಲೇ ಇತ್ತು;
ಕಿವಿಯ ತುಂಬ ಕೆಳಗಿನವರು
ಮೇಲೇನಾಯಿತೆಂದು ಕಾಯುತ್ತಿದ್ದರು.