ಮೇಲಿನ ತೂಬು

ಎಷ್ಟು ಲೋಟ, ಎಂದು ಕೇಳಿದೆ.
ಚಹಾದ ಲೋಟವೋ, ನೀರಿನದೋ, ಎಂದು
ಮಗಳು ಸಿತ್ತನಾ ನನ್ನನ್ನೇ ಕೇಳಿದಳು.
ಈ ವಾರ್ಡಿನಲ್ಲಿ ಹಾಗೆ ಕೇಳಿದವಳು ಅವಳೇ ಮೊದಲು.
ಉಳಿದವರು ಕೈಯಗಲಿಸಿ "ಇಷ್ಟು" ಎನ್ನುತ್ತಾರೆ.

ಚಹಾದ್ದು. ಆರು.
ಏಳನೆಯದು ಬಾಗಿಲಾಚೆ ಮರಳ ಮೇಲೆ ಬಿತ್ತು,
ಅದನ್ನು ಹೇಗೆ ಅಳೆಯಲಿ?

ವದ್ ಮದನಿಯಲ್ಲಿ ಆ ರಾತ್ರಿ
ಕರೆಂಟು ಹೋಗಿ, ಬಂದು, ಮತ್ತೆ ಹೋಗಿ.
ಅಮ್ ದಫಅಲ್ಲಾ, ವಯಸ್ಸು ಅರವತ್ತೋ ಎಪ್ಪತ್ತೋ,
ಗೆಜೀರಾದ ಕಾಲುವೆಗೆ ನಲವತ್ತು ವರ್ಷದ ನೀರಗಂಟಿ.
ನಾಡಿ ನೂರ ಇಪ್ಪತ್ತೆಂಟು,
ಬೆರಳಿಗೆ ಸಿಕ್ಕಿಯೂ ಸಿಗದ ಮೀನಮರಿ.
ಮೇಲಿನ ಒತ್ತಡ ಎಂಬತ್ತು. ಕೆಳಗಿನದು ನನಗೆ ಕೇಳಿಸಲಿಲ್ಲ.
ಎರಡು ದಿನದಿಂದ ಮಲ ಕಪ್ಪು:
"ಖಾರ್ತೂಮಿನ ರಸ್ತೆಗೆ ಸುರಿಯುತ್ತಾರಲ್ಲ, ಆ ಡಾಂಬರು,"
ಅಂದರು, ಗೋಡೆಯ ಕಡೆ ಮುಖ ತಿರುಗಿಸಿ.

ಪರ ಗಂಡಸರ ಮಲದ ಬಣ್ಣ ಕೇಳುವುದು ನನ್ನ ಕೆಲಸ.
ಹದಿನೇಳು ವರ್ಷವಾಯಿತು.
ಮದುವೆಮನೆಗೆ ಹೋದರೂ
ಕಾಫಿ ಬಗ್ಗಿಸುತ್ತಾ ಯಾರೋ ಕಿವಿಯಲ್ಲಿ ಬಣ್ಣ ಹೇಳುತ್ತಾರೆ.

ಡಾಕ್ಟರ್ ತುಮಾದಿರ್ ಬಂದರು,
ತೋಬಿನ ಸೆರಗನ್ನು ಹೆಗಲಿಗೆ ಬಿಗಿದುಕೊಂಡು.
ನೋವಿನ ಗುಳಿಗೆ?
ಹೌದು, ಮೊಣಕಾಲಿಗೆ, ದಿನಕ್ಕೆರಡು.
ಹಾಗಾದರೆ ಜಠರದ ಹುಣ್ಣು, ಎಂದು
ನಾನು ಮನಸ್ಸಿನಲ್ಲೇ ಬರೆದುಬಿಟ್ಟೆ.
ಅವರು ಬರೆಯಲಿಲ್ಲ.
ಹೊಟ್ಟೆಯ ಬಲಗೆಳಗಿನಿಂದ ಅವರ ಅಂಗೈ ಹೊರಟಿತು,
ಎಡಕ್ಕೆ, ಮೇಲಕ್ಕೆ.
ಹೊಕ್ಕುಳ ಇನ್ನೂ ದಾಟಿಲ್ಲ,
ಗುಲ್ಮವೇ ಎದುರು ಬಂತು,
ಮರಳಲ್ಲಿ ಹೂತ ದೋಣಿಯ ಮೂತಿ.

"ಚಿಕ್ಕಂದಿನಲ್ಲಿ ಕಾಲುವೆಯಲ್ಲಿ ಈಜಿದ್ದೀರಾ?"
"ಈಜದೆ? ನಡೆಯೋಕೆ ಮೊದಲು ಈಜಿದವನು ನಾನು."

ಎರಡು ದಪ್ಪ ಸೂಜಿ, ಎರಡು ತೋಳಿಗೆ.
ರಕ್ತ ಕೊಡಲು ಹೊರಗೆ ಹನ್ನೊಂದು ಮಂದಿ,
ಹತ್ತಿಯ ಹೊಲದಿಂದ ನೇರ ಬಂದವರು, ಮೊಣಕಾಲ ತನಕ ಒದ್ದೆ.
ಎರಡು ಚೀಲಕ್ಕೆ ಸಾಕು ಎಂದರು ತುಮಾದಿರ್.
ಸಾಲಿನಲ್ಲಿ ಗುಲ್ಲೆದ್ದಿತು. ನಮ್ಮ ರಕ್ತ ಏನಾಗಿದೆ?
ನಾವೇನು ಬೇರೆಯವರೇ?
ಉತ್ತರ ಬಂದದ್ದು ಮಂಚದಿಂದ:
"ದಂಡೆ ಒಡೆದಿರುವಾಗ
ಮೇಲಿನ ತೂಬು ಪೂರ್ತಿ ಎತ್ತುತ್ತಾರೇನ್ರೋ?"

ಬೆಳಗಿನ ಅಜಾನಿನ ಹೊತ್ತಿಗೆ ಕರೆಂಟು ಬಂದು ನಿಂತಿತು.
ಕೊಳವೆ ನುಂಗಿ ಅಂದೆ, ನುಂಗಿದರು.
ಪರದೆಯ ಮೇಲೆ ಅನ್ನನಾಳ,
ಅದರ ಗೋಡೆಗೆ ಉಬ್ಬಿದ ನಾಲ್ಕು ನೀಲಿ ನಾಳ,
ಒಂದರ ಮೇಲೆ ಕೆಂಪು ಬೊಟ್ಟು, ಅಷ್ಟೇ ಅಷ್ಟು.
ಇಷ್ಟೆಲ್ಲ ಸುರಿದದ್ದು ಅಷ್ಟರಿಂದ.
ರಬ್ಬರಿನ ಉಂಗುರ ಅದರ ಕೊರಳಿಗೆ.
ಪಟ್. ಇನ್ನೊಂದು. ಐದಾದವು.
ನಾನು ಅವರ ದವಡೆ ಹಿಡಿದೇ ಇದ್ದೆ,
ಕಣ್ಣೀರು ನನ್ನ ಗ್ಲೌಸಿನೊಳಕ್ಕೆ ಇಳಿಯಿತು.

ಮಧ್ಯಾಹ್ನ ತುಮಾದಿರ್ ಔಷಧಿ ಚೀಟಿಯ ಬೆನ್ನಿಗೆ ಚಿತ್ರ ಬರೆದರು:
ಇದು ಯಕೃತ್ತು, ಇದು ಅಲ್ಲಿಗೆ ಹೋಗುವ ದೊಡ್ಡ ನಾಳ,
ಹುಳುವಿನ ಮೊಟ್ಟೆ ಕೂತು ಕೂತು ಇಲ್ಲಿ ಗಾಯ, ಇಲ್ಲಿ ಬಿಗಿತ.
ಅವರು ಚೀಟಿ ತಿರುಗಿಸಿದರು, ಉತ್ತರ ಯಾವ ಕಡೆ ಎಂದು ಹುಡುಕುವಂತೆ.

"ದೊಡ್ಡ ಕಾಲುವೆಗೆ ಹೂಳು ತುಂಬಿದೆ.
ನೀರು ಅಬು ಇಶ್ರೀನಿಗೆ ನುಗ್ಗಿದೆ.
ಹೊಲಕ್ಕೆ ಹೋಗುವ ಬಡಪಾಯಿ ಕಾಲುವೆ, ಎಷ್ಟು ತಡೆದೀತು?
ನೀವು ಐದು ಮಡೆ ಮುಚ್ಚಿದಿರಿ. ಒಳ್ಳೇದು."
ಒಂದಷ್ಟು ಹೊತ್ತು ಸುಮ್ಮನಿದ್ದರು.
"ಮಗಳೇ, ಹೂಳು ಅಲ್ಲೇ ಇದೆ, ನೀರೂ ಬರುತ್ತಲೇ ಇದೆ.
ಇನ್ನು ಅದು ಎಲ್ಲಿಗೆ ಹೋಗಬೇಕು?"

ತುಮಾದಿರ್ ಪೆನ್ನಿನ ಮುಚ್ಚಳ ಹಾಕಿದರು, ತೆಗೆದರು.
ಒತ್ತಡ ಇಳಿಸುವ ಗುಳಿಗೆ, ಬೆಳಗ್ಗೆ ಸಂಜೆ.
ಹುಳುವಿಗೆ ಬೇರೆ. ಮೊಣಕಾಲಿನದು ಇನ್ನು ಬೇಡ.
ಮೂರು ವಾರಕ್ಕೆ ಮತ್ತೆ ಬರಬೇಕು, ಹೊಸ ಉಬ್ಬು ನೋಡಬೇಕು.
ಆ ವಾರ ಆಗೋದಿಲ್ಲ, ಹತ್ತಿಗೆ ನೀರಿನ ಸರದಿ, ಎಂದರು ಅವರು.
ಕೀಲಿ ಇವಳಿಗೆ ಕೊಡಿ, ಎಂದೆ ನಾನು.

ಸಿತ್ತನಾ ಕೈ ಚಾಚಿದಳು.
ಮೊಣಕೈ ತನಕ ಒದ್ದೆ.
ಅಪ್ಪನ ಜಲ್ಲಾಬಿಯಾ ಒಗೆದು ಹಿಂಡಿ ತಂದಿದ್ದಳು.
ಎಲ್ಲಿ ಒಗೆದೆ ಎಂದು ಬಾಯಿಗೆ ಬಂದದ್ದು
ಅಲ್ಲೇ ನಿಂತಿತು.
ಕಲೆ ಹೋಯಿತೇ, ಎಂದೆ.
ಪೂರ್ತಿ ಇಲ್ಲ, ಎಂದಳು.